ಬಾಗಿಲಿಲ್ಲದ ಕೋಣೆಯ ಗುಟ್ಟು

ಬಾಗಿಲಿಲ್ಲ, ಕಿಟಕಿಯಿಲ್ಲ, ಒಳಗಿಳಿಯಲು ಒಂದು ಕಿಂಡಿಯೂ ಇಲ್ಲ! 2010ರಲ್ಲಿ ಕೋಲ್ಕತ್ತದ ಅಲೀಪುರದಲ್ಲಿರುವ ಬೆಲ್ವೆಡೇರ್ ಬಂಗಲೆಯ ದುರಸ್ತಿಗೆಂದು ಬಂದ ಪುರಾತತ್ವ ಇಲಾಖೆಯವರಿಗೆ ನೆಲಮಹಡಿಯಲ್ಲಿ ಸುಮಾರು ಸಾವಿರ ಚದರ ಅಡಿಯ ಮುಚ್ಚಿದ ಜಾಗವೊಂದು ಎದುರಾಯಿತು. ಸುತ್ತಿ ಸುತ್ತಿ ನೋಡಿದರೂ ಒಳಗೆ ಹೋಗುವ ದಾರಿಯೇ ಇಲ್ಲ. ಬ್ರಿಟಿಷರು ಬಚ್ಚಿಟ್ಟ ನಿಧಿಯೇ? ಕೈದಿಗಳನ್ನು ಹಿಂಸಿಸಿದ ಕತ್ತಲಕೋಣೆಯೇ? ಪತ್ರಿಕೆಗಳಿಗಂತೂ ಹಬ್ಬ!

ಜನ ಹಾಗೆಲ್ಲ ಊಹಿಸಿದ್ದರಲ್ಲಿ ತಪ್ಪೇನು, ಅಂಥ ಮನೆ ಅದು! ಒಂದು ಕಾಲಕ್ಕೆ ವಾರನ್ ಹೇಸ್ಟಿಂಗ್ಸ್‌ನ ಆಸ್ತಿ. 1780ರ ಆಗಸ್ಟ್ 17ರಂದು ಅದರ ಸಮೀಪದಲ್ಲೇ, ಗವರ್ನರ್ ಜನರಲ್ ಆಗಿದ್ದ ಈ ಹೇಸ್ಟಿಂಗ್ಸ್ ತನ್ನದೇ ಆಡಳಿತ ಮಂಡಲಿಯ ಸದಸ್ಯ ಫಿಲಿಪ್ ಫ್ರಾನ್ಸಿಸ್‌ನ ಎದುರು ಪಿಸ್ತೂಲು ಹಿಡಿದು ನಿಂತ! ಗುಂಡೇಟು ತಿಂದ ಫ್ರಾನ್ಸಿಸ್‌ನನ್ನು ಹೊತ್ತು ತಂದದ್ದು ಈ ಬಂಗಲೆಗೇ. (ಆಸಾಮಿ ಬದುಕಿಕೊಂಡ, ಲಂಡನ್ನಿಗೆ ಹೋಗಿ ಹೇಸ್ಟಿಂಗ್ಸ್‌ನ ಮೇಲೆ ವರ್ಷಗಟ್ಟಲೆ ಹಲ್ಲು ಮಸೆದ.) ಆಮೇಲೆ ಬಂಗಾಳದ ಲೆಫ್ಟಿನೆಂಟ್ ಗವರ್ನರುಗಳ ದರ್ಬಾರು, ಔತಣ, ಕುಣಿತ.

ಸ್ವಾತಂತ್ರ್ಯ ಬಂತು ನೋಡಿ, ದೊರೆಗಳು ಕುಣಿದ ಸಭಾಂಗಣಕ್ಕೆ ಓದುವ ಮೇಜುಗಳು ಬಂದವು! 1953ರ ಫೆಬ್ರವರಿ 1ರಂದು ಶಿಕ್ಷಣ ಸಚಿವ ಮೌಲಾನಾ ಆಜಾದರು ಇಲ್ಲಿ ರಾಷ್ಟ್ರೀಯ ಗ್ರಂಥಾಲಯವನ್ನು ಜನರಿಗೆ ತೆರೆದುಕೊಟ್ಟರು. ಆಗ ಗ್ರಂಥಪಾಲರಾಗಿದ್ದವರು ಯಾರು ಗೊತ್ತೇ? ಬಿ.ಎಸ್. ಕೇಶವನ್. ಅವರ ಹೆಸರಿನ 'ಬಿ' ನಮ್ಮ ಬಳ್ಳಾರಿ! ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ್ದ ಮೇಷ್ಟ್ರು.

ಆ ಕೋಣೆಯ ಕಥೆ? ಕೊರೆದು ನೋಡಿದರು. ಒಳಗಿದ್ದದ್ದು ಮಣ್ಣು, ಬರೀ ಮಣ್ಣು! ಅಷ್ಟು ದೊಡ್ಡ ಕಟ್ಟಡದ ಭಾರ ತಡೆಯಲೆಂದು ಅಂದು ಕಟ್ಟಿದವರು ಬುಡದಲ್ಲಿ ಗಟ್ಟಿಯಾಗಿ ತುಂಬಿಬಿಟ್ಟಿದ್ದರು. ನಿಧಿ ಸಿಕ್ಕಿದ್ದರೂ ನನಗೆ ಇಷ್ಟು ಖುಷಿಯಾಗುತ್ತಿರಲಿಲ್ಲ. ಹೇಸ್ಟಿಂಗ್ಸ್, ಫ್ರಾನ್ಸಿಸ್, ಆಮೇಲಿನ ಸಾಹೇಬರು, ಎಲ್ಲರ ಕಾಲಡಿಯಲ್ಲೂ ಯಾರೋ ಹೆಸರಿಲ್ಲದ ಗಾರೆಯವರ ಜಾಣತನ!

ಪುಸ್ತಕಗಳು ಈಗ ಅದೇ ಆವರಣದ ಹೊಸ ಕಟ್ಟಡ ಭಾಷಾ ಭವನದಲ್ಲಿವೆ. 20 ಲಕ್ಷಕ್ಕೂ ಮಿಕ್ಕಿದ ಆ ರಾಶಿಯಲ್ಲಿ ಕನ್ನಡವೂ ಇದೆ, ಅದಕ್ಕೊಂದು ವಿಭಾಗವೇ ಇದೆ. 1954ರ ಕಾಯ್ದೆಯ ಪ್ರಕಾರ ದೇಶದಲ್ಲಿ ಅಚ್ಚಾಗುವ ಪ್ರತಿಯೊಂದು ಪುಸ್ತಕದ ಒಂದು ಪ್ರತಿ 30 ದಿನದೊಳಗೆ ಅಲ್ಲಿಗೆ ಹೋಗಬೇಕು. ಧಾರವಾಡದ್ದೇ ಇರಲಿ, ಪುತ್ತೂರಿನದೇ ಇರಲಿ, ಇನ್ನೂರೇ ಪ್ರತಿ ಹಾಕಿಸಿದ ಕವನ ಸಂಕಲನವೇ ಇರಲಿ! ಕಳಿಸದಿದ್ದರೆ ಕಾಯ್ದೆ ಬರೆದವರು ಇಟ್ಟ ದಂಡ, ನಗಬೇಡಿ, ಹೆಚ್ಚೆಂದರೆ 50 ರೂಪಾಯಿ ಮತ್ತು ಪುಸ್ತಕದ ಬೆಲೆ. ದಂಡಕ್ಕೆ ಹೆದರಿ ಬೇಡ, ಸ್ವಂತ ಪುಸ್ತಕ ತಂದ ಕವಿಮಹಾಶಯರೇ, ಈ ವಾರವೇ ಒಂದು ಪ್ರತಿಯನ್ನು ಅಲೀಪುರಕ್ಕೆ ಅಂಚೆಗೆ ಹಾಕಿ.