40 ವ್ಯಾಟಿನ ಬಿಸಿಯೂಟ

ಕೆಜಿಎಫ್‌ನ ಆಂಡರ್ಸನ್‌ಪೇಟೆಯ ಪಾತ್ರೆ ಅಂಗಡಿಯೊಂದರ ಬಾಗಿಲಿಗೇ ಕುಕ್ಕರುಗಳ ಸಾಲು. ದಾಟಿಕೊಂಡು ಒಳಗೆ ಹೋಗಿ, ಆಫೀಸಿನ ಮೇಜಿನ ಮೇಲೆ ಇಟ್ಟುಕೊಳ್ಳುವಂಥ ಕರೆಂಟಿನ ಸಾಮಾನು ಏನಿದೆ ಎಂದು ಕೇಳಿದೆ. ಅಂಗಡಿಯವರು ಮೊದಲು ಕೇಳಿದ್ದು ನನ್ನನ್ನೇ: "ದಿನಾ ಟ್ರೈನಾ ಸಾರ್?"

ಎಡಗಡೆಯ ರ್ಯಾಕಿನ ತುದಿಯಲ್ಲಿ ಯುಎಸ್‌ಬಿ ಕಪ್ ವಾರ್ಮರ್. ಕಾಫಿ ಬೇಗ ಆರದಂತೆ ನೋಡಿಕೊಂಡೀತೇನೋ, ಕುದಿಸುವ ಮಾತಂತೂ ಇಲ್ಲ. ಮುಂದೆ ಸರಿದೆ.

ಆಮೇಲೆ ಕೆಟಲುಗಳು. ಒಂದೂವರೆ ಲೀಟರಿನದನ್ನು ಎತ್ತಿ ತಳ ನೋಡಿದರೆ 1500 ವ್ಯಾಟ್. ಮೇಜಿನ ಪಕ್ಕದ ಮಾಮೂಲಿ 6 ಆಂಪಿಯರ್ ಪ್ಲಗ್ಗು 230 ವೋಲ್ಟಿನಲ್ಲಿ ತಡೆಯುವುದೇ 1380 ವ್ಯಾಟ್. ಕಂಪ್ಯೂಟರಿನ ಎಕ್ಸ್‌ಟೆನ್ಷನ್ ಬಾಕ್ಸಿಗೆ ಇದನ್ನೂ ಸಿಕ್ಕಿಸುವುದು ಬೇಡವೇ ಬೇಡ. ಅರ್ಧ ಲೀಟರಿನ, 600 ವ್ಯಾಟಿನ ಪುಟಾಣಿ ವಾಸಿ. ಐದು ನಿಮಿಷದಲ್ಲಿ ನೀರು ಕುದಿಯಬೇಕು.

ಹೆಚ್ಚು ಜಾಗ ಹಿಡಿದಿದ್ದು ಎಲೆಕ್ಟ್ರಿಕ್ ಲಂಚ್ ಬಾಕ್ಸ್. ಅದೇಕೆಂದು ಆಗ ಹೊಳೆಯಿತು. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿದ ಮೇಲೆ ಇಲ್ಲಿನ ಎಷ್ಟೋ ಜನರ ಕೆಲಸ ಬೆಂಗಳೂರಿನಲ್ಲಿ. ನಸುಕಿಗೇ ಮಾರಿಕುಪ್ಪಂ ರೈಲು ಹತ್ತಿ ಬಂಗಾರಪೇಟೆ ಮೇಲೆ ಹೋಗುವವರ ಡಬ್ಬಿ ಮಧ್ಯಾಹ್ನಕ್ಕೆ ತಣ್ಣಗೆ ಕೊರೆಯುತ್ತದೆ.

ಒಂದನ್ನು ಬಿಚ್ಚಿದೆ. ಹೊರಗೆ ಪ್ಲಾಸ್ಟಿಕ್ ಚಿಪ್ಪು, ಒಳಗೆ ಸ್ಟೀಲ್ ಡಬ್ಬಿಗಳು, ತಳದಲ್ಲಿ ಅಂಗೈಯಗಲದ ಲೋಹದ ತಟ್ಟೆ. ಆ ತಟ್ಟೆಯ ಮೇಲೆ ಒಂದಿಷ್ಟು ನೀರು ಸುರಿದು ಪ್ಲಗ್ ಹಾಕಿದರೆ ಹಬೆಯೇಳುತ್ತದೆ. ಮುಚ್ಚಳದಲ್ಲಿ ಹಬೆ ಹೋಗಲು ರಬ್ಬರ್ ಬಿರಡೆ. ತಳದ ಚೀಟಿಯಲ್ಲಿ 40 ವ್ಯಾಟ್. ಅರ್ಧ ಗಂಟೆಗೆ ಬಿಸಿಯಾಗುತ್ತದೆ ಎಂದರು. ಒತ್ತಿ ತುಂಬಿದ ಅನ್ನದ ನಡುವಿಗೂ ಆ ಬಿಸಿ ತಲುಪೀತೇ ಎಂಬ ಅನುಮಾನ ನನಗಿದೆ.

"ಮುದ್ದೆ ಇಟ್ರೆ?"

"ಮೆತ್ತಗಾಗುತ್ತೆ ಸಾರ್. ಆದ್ರೆ ಅನ್ನ ಸಾರೇ ಬೆಸ್ಟು."

ಒಣಮೀನಿನ ಸಾರನ್ನು ಎಸಿ ಕೋಣೆಯಲ್ಲಿ ಬಿಸಿಮಾಡಿದರೆ ಅಕ್ಕಪಕ್ಕದವರು ಏನೆಂದಾರೋ, ಅದನ್ನು ನಾನು ಕೇಳಲಿಲ್ಲ.

ಕೊನೆಗೆ ಗಲ್ಲಾದ ಪಕ್ಕದ ಟೆಸ್ಟಿಂಗ್ ಬೋರ್ಡು. 1902ರಲ್ಲೇ ಶಿವನಸಮುದ್ರದಿಂದ ಗಣಿಯ ಯಂತ್ರಗಳಿಗೆ ಕರೆಂಟು ತರಿಸಿದ ಊರಿದು. ಅಂಥ ಊರಿನಲ್ಲಿ ಹೆಂಗಸೊಬ್ಬರು 40 ವ್ಯಾಟಿನ ಡಬ್ಬಿಯನ್ನು ಬೋರ್ಡಿಗೆ ಹಾಕಿಸಿ, ತಟ್ಟೆಗೆ ಕೈಯಿಟ್ಟು ಕಾದಿದೆಯೋ ಇಲ್ಲವೋ ನೋಡಿ, ಐವತ್ತು ರೂಪಾಯಿ ಇಳಿಸಿ ಎಂದು ಪಟ್ಟು ಹಿಡಿದಿದ್ದರು. ಪಕ್ಕದ ಮೊಳೆಗೆ ಬರೀ ವೈರುಗಳನ್ನು ನೇತುಹಾಕಿದ್ದರು. ಡಬ್ಬಿ ಮನೆಗೆ ಬಂದು ವೈರು ಆಫೀಸಿನಲ್ಲೇ ಉಳಿಯುತ್ತದಂತೆ. ಅದಕ್ಕೇ ಬಿಡಿ ವೈರಿಗೂ ಗಿರಾಕಿ ಇದ್ದಾರೆ.