ಗುಡಿ ಗೋಡೆಯಾಚೆಗೇ, ಹೋಗಲು ಆಟೋ ಬೇಕು

ಧಾರವಾಡದಿಂದ ಅವ್ವ ಪುಣೆಗೆ ಬಂದ ಮೊದಲ ಶನಿವಾರ. ಬೆಳಿಗ್ಗೆ ಬಾಲ್ಕನಿಯಲ್ಲಿ ನಿಂತವಳು, ‘ಗಂಟಿ ಕೇಳಾಕತ್ತೈತಿ, ಗುಡಿ ಇಲ್ಲೇ ಐತಲ್ಲೋ. ಹನುಮಪ್ಪಗ ಕೈಮುಗದು ಬರ್ತೀನಿ’ ಎಂದಳು. ನಿಜ, ಮಾರುತಿ ಗುಡಿ ನಮ್ಮ ಸೊಸೈಟಿಯ ಹಿಂದಿನ ಗೋಡೆಯಾಚೆಗೇ ಇದೆ. ಆದರೆ ಹೋಗಬೇಕೆಂದರೆ ಮುಂದಿನ ಗೇಟಿನಿಂದ ಹೊರಬಿದ್ದು, ಮುಖ್ಯರಸ್ತೆ ಹಿಡಿದು, ಇನ್ನೆರಡು ಸೊಸೈಟಿಗಳ ಕಾಂಪೌಂಡು ಸುತ್ತಿ ಎರಡು ಕಿಲೋಮೀಟರ್. ಫುಟ್‌ಪಾತ್ ಅರ್ಧ ದಾರಿಗಷ್ಟೇ. ಆಟೋ ಕರೆಸಿದೆ. ಅವ್ವ ಹತ್ತಲಿಲ್ಲ, ಬಾಲ್ಕನಿಯಿಂದಲೇ ಕೈಮುಗಿದಳು.

ನಾನಿರುವುದು ವಾಕಡ್‌ನಲ್ಲಿ. ಪಕ್ಕದ ಹಿಂಜವಡಿಗೆ ಐಟಿ ಪಾರ್ಕ್ ಬಂದ ಮೇಲೆ ಹೊಲಗಳಲ್ಲಿ ಎದ್ದ ಬಡಾವಣೆ. ಒಬ್ಬೊಬ್ಬ ಬಿಲ್ಡರ್ ಒಂದೊಂದು ಹೊಲ ಕೊಂಡ, ಸುತ್ತ ಗೋಡೆ ಹಾಕಿದ, ರಸ್ತೆಗೆ ಒಂದೇ ಬಾಗಿಲು ಬಿಟ್ಟ. ಹೊಲದಿಂದ ಹೊಲಕ್ಕೆ ದಾರಿ ಕೂಡಿಸುವುದು ಯಾರ ಕೆಲಸವೂ ಆಗಲಿಲ್ಲ. ಹೀಗಾಗಿ ಹಾಲಿನವನು, ಸ್ಕೂಲ್ ಬಸ್ಸು, ಆಫೀಸಿಗೆ ಹೊರಟ ನಾವು ಎಲ್ಲರೂ ಅದೇ ಒಂದು ರಸ್ತೆಗೆ ಇಳಿಯುತ್ತೇವೆ. ಆಮೇಲೆ ಟ್ರಾಫಿಕ್ಕನ್ನು ಬೈಯುತ್ತೇವೆ.

ಹಳೇ ಪುಣೆಯ ಸದಾಶಿವ, ನಾರಾಯಣ ಪೇಠೆಗಳಲ್ಲಿ ಹಾಗಲ್ಲ. ಲಕ್ಷ್ಮಿ ರಸ್ತೆ ತುಂಬಿದರೆ ಪಕ್ಕದ ಬೋಳದಲ್ಲಿ ನುಸುಳಬಹುದು. ಮರಾಠಿಯ ಬೋಳ ಎಂದರೆ ನಮ್ಮ ಓಣಿ.

ಇದು ಪುಣೆಯೊಂದರ ಕತೆಯಲ್ಲ. ಬ್ಯಾರಿಂಗ್ಟನ್-ಲೀ ಮತ್ತು ಮಿಲ್ಲರ್ಡ್-ಬಾಲ್ ಎಂಬ ಸಂಶೋಧಕರು ಜಗತ್ತಿನ ನಗರಗಳ ಬೀದಿ ನಕಾಶೆಗಳನ್ನು ಅಳೆದು 2020ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. 1975ರಿಂದೀಚೆಗೆ ಹೊಸದಾಗಿ ಬೆಳೆದ ಪ್ರದೇಶಗಳಲ್ಲಿ ಬೀದಿಗಳು ಒಂದಕ್ಕೊಂದು ಕೂಡುವುದು ಬಹಳ ಕಡೆ ಕಡಿಮೆಯಾಗುತ್ತಿದೆ ಎನ್ನುತ್ತದೆ ಅದು. ಕಟ್ಟಡ ಕೆಡವಿ ಮತ್ತೆ ಕಟ್ಟಬಹುದು, ಒಮ್ಮೆ ಬಿದ್ದ ಬೀದಿಯ ಗೆರೆ ಮಾತ್ರ ಸುಲಭಕ್ಕೆ ಬದಲಾಗದು.

ಆದರೆ ನಮ್ಮ ಗೋಡೆಯ ವಿಷಯದಲ್ಲಿ ಬಿಲ್ಡರನನ್ನಷ್ಟೇ ದೂರಲಾರೆ. ಅಲ್ಲೊಂದು ಸಣ್ಣ ಗೇಟಿತ್ತು. ಎರಡು ಸೈಕಲ್ ಕಳುವಾದ ಮೇಲೆ ಅದನ್ನು ಮುಚ್ಚೋಣವೆಂದು ಮೀಟಿಂಗಿನಲ್ಲಿ ಕೈ ಎತ್ತಿದವರಲ್ಲಿ ನಾನೂ ಒಬ್ಬ. ಮಗಳು ಆಗ ಚಿಕ್ಕವಳು, ಹೆದರಿಕೆ. ಮನೆಗೆಲಸದ ಮಾವಶಿ ಆ ಗೇಟಿನಿಂದ ಐದು ನಿಮಿಷದಲ್ಲಿ ಬರುತ್ತಿದ್ದರು. ಈಗ ಅರ್ಧ ಗಂಟೆ ನಡೆಯುತ್ತಾರೆ. ನಾಲ್ಕು ವರ್ಷ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಬೆಳಿಗ್ಗೆ 6ರಿಂದ ರಾತ್ರಿ 8ರವರೆಗೆ ಗೇಟು ತೆರೆದಿರಲಿ, ಒಬ್ಬ ವಾಚ್‌ಮನ್ ಕೂರಲಿ ಎಂದು ಕಮಿಟಿಗೆ ಅರ್ಜಿ ಬರೆದಿದ್ದೇನೆ. ಈವರೆಗೆ ಏಳು ಸಹಿ ಬಿದ್ದಿವೆ.

‘ನಂದೂ ಒಂದು ಹಾಕ್ಲೇನು?’ ಎನ್ನುತ್ತಿದ್ದಾಳೆ ಅವ್ವ.