83 ಗಂಟೆಗಳಲ್ಲಿ ತೆರೆದ ರಸ್ತೆ

ಬೆಳಗಿನ 4.45! ಪರಮವೀರ ಚಕ್ರದ ಪ್ರಶಸ್ತಿ ಪತ್ರವೊಂದನ್ನು ಓದುತ್ತಿದ್ದವನು ಈ ಹೊತ್ತಿನ ಹತ್ತಿರ ಬಂದು ನಿಂತೇಬಿಟ್ಟೆ. ಎಷ್ಟು ಮಂದಿ ಶತ್ರುಗಳನ್ನು ಕೊಂದರು, ಯಾವ ಬಂಕರಿಗೆ ನುಗ್ಗಿದರು ಎಂಬ ಮಾತೇ ಅದರಲ್ಲಿಲ್ಲ. ಎಷ್ಟು ಗಂಟೆಗೆ ಕೆಲಸ ಶುರುವಾಯಿತು, ಎಷ್ಟಕ್ಕೆ ನಿಂತಿತು, ಮತ್ತೆ ಯಾವಾಗ ಶುರು? ಕೂಲಿಯ ಹಾಜರಿ ಪುಸ್ತಕದ ಹಾಗೆ ಬರೀ ಗಂಟೆಗಳ ಲೆಕ್ಕ. ಆದರೆ ಆ ಒಂದೊಂದು ಗಂಟೆಯ ತಲೆಯ ಮೇಲೂ ಮೆಷಿನ್‌ಗನ್ ಗುಂಡು ಹಾರುತ್ತಿತ್ತು!

ಆ ಪತ್ರ ಸೆಕೆಂಡ್ ಲೆಫ್ಟಿನೆಂಟ್ ರಾಮ ರಾಘೋಬ ರಾಣೆಯವರದು. 1918ರ ಜೂನ್ 26ರಂದು ಹುಟ್ಟಿದ, ನಮ್ಮ ಕಾರವಾರದ ಪಕ್ಕದ ಚೆಂಡಿಯಾದ ಪೊಲೀಸ್ ಪೇದೆಯೊಬ್ಬರ ಮಗ. ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತ್ಯದೊಳಗಿತ್ತು. 1940ರಲ್ಲಿ ಅವರು ಸೇರಿದ್ದು ಬಾಂಬೆ ಎಂಜಿನಿಯರ್ಸ್. ಬರ್ಮಾದ ಯುದ್ಧ ಕಂಡು, ಹವಾಲ್ದಾರರಾಗಿ, 1947ರ ಡಿಸೆಂಬರಿನಲ್ಲಿ ಅಧಿಕಾರಿಯಾದರು. ಹೆಗಲಿನ ನಕ್ಷತ್ರಕ್ಕೆ ನಾಲ್ಕು ತಿಂಗಳು ತುಂಬುವ ಮೊದಲೇ ಕಾಶ್ಮೀರ ಯುದ್ಧದ ಅತಿ ಕಷ್ಟದ ರಸ್ತೆಯೊಂದು ಅವರ ಕೈಗೆ ಬಂತು.

ನೌಶೇರಾದಿಂದ ರಾಜೌರಿಗೆ ಹೋಗುವ ರಸ್ತೆ. ರಾಜೌರಿ ದಾಳಿಕೋರರ ವಶದಲ್ಲಿತ್ತು. ಅದನ್ನು ಬಿಡಿಸಲು ಟ್ಯಾಂಕುಗಳು ಹೋಗಬೇಕು. ಟ್ಯಾಂಕಿಗೆ ರಸ್ತೆ ಬೇಕು. ಆ ರಸ್ತೆಯೋ, ಬೆಟ್ಟದ ಮೈಗೆ ಹಾವಿನಂತೆ ಸುತ್ತಿಕೊಂಡು, ಉದ್ದಕ್ಕೂ ನೆಲಬಾಂಬು, ಕಡಿದು ಅಡ್ಡ ಕೆಡವಿದ ಪೈನ್ ಮರ, ಒಡೆದ ಮೋರಿ!

1948ರ ಏಪ್ರಿಲ್ 8, ಬೆಳಿಗ್ಗೆ 11. ನೆಲಬಾಂಬು ತೆಗೆಯುವ ತಂಡ ನಾದಪುರದ ಬಳಿ ಟ್ಯಾಂಕುಗಳ ಪಕ್ಕ ಕಾಯುತ್ತಿದೆ. ಮಾರ್ಟರ್ ಶೆಲ್‌ಗಳು ಸುರಿದವು. ಇಬ್ಬರು ಸತ್ತರು, ಐವರಿಗೆ ಗಾಯ; ಆ ಐವರಲ್ಲಿ ರಾಣೆಯವರೂ ಒಬ್ಬರು. ಗಾಯಾಳು ಅಧಿಕಾರಿ ಹಿಂದಕ್ಕೆ ಹೋಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಉಳಿದವರನ್ನು ಕಲೆಹಾಕಿ ಕೆಲಸ ಶುರುಮಾಡಿದರು. ಸಂಜೆ ಬರವಾಲಿ ಏರು ನಮ್ಮ ಪಡೆಗೆ ಸಿಕ್ಕಿತು. ಶತ್ರು ಇನ್ನೂ ಸುತ್ತಮುತ್ತ ಇದ್ದಾನೆಂದು ಗೊತ್ತಿದ್ದೂ ರಾಣೆ ಮುಂದೆ ಹೋಗಿ, ರಾತ್ರಿ 10ರವರೆಗೆ ಟ್ಯಾಂಕುಗಳಿಗೆ ಬಳಸುದಾರಿ ಕಡಿದರು.

ನೆಲಬಾಂಬು ತೆಗೆಯುವುದೆಂದರೇನು? ಒತ್ತಡ ಬೀಳಬಾರದ ಜಾಗ ಅದರ ನೆತ್ತಿ. ಹಾಗಾಗಿ ನೆಲಕ್ಕೆ ಮೈ ಹಚ್ಚಿ ಮಲಗಿ, ಬಯೊನೆಟ್ಟಿನ ಮೊನೆಯನ್ನು ಓರೆಯಾಗಿ ಮೆಲ್ಲಗೆ ಚುಚ್ಚುತ್ತಾ ಮುಂದೆ ತೆವಳಬೇಕು. ಮೊನೆಗೆ ಏನೋ ಗಟ್ಟಿಯಾಗಿ ತಾಗಿತೋ, ಬೆರಳಿನಿಂದ ಸುತ್ತಲ ಮಣ್ಣು ಕೆದಕಬೇಕು. ಅವಸರ ಮಾಡುವಂತಿಲ್ಲ, ತಡ ಮಾಡುವಂತೆಯೂ ಇಲ್ಲ! ರಾಣೆ ಟ್ಯಾಂಕಿನ ಹೊಟ್ಟೆಯಡಿಯಲ್ಲೇ ತೆವಳುತ್ತಾ, ಹಗ್ಗ ಎಳೆದು ಚಾಲಕನಿಗೆ ‘ನಡಿ’, ‘ನಿಲ್ಲು’ ಎಂದು ಸನ್ನೆ ಮಾಡುತ್ತಾ ಸಾಗಿದರೆಂಬ ಕಥೆ ಬಹಳ ಪ್ರಸಿದ್ಧ. ಪ್ರಶಸ್ತಿ ಪತ್ರದಲ್ಲಿ ಆ ಮಾತಿಲ್ಲ. ಅದಿಲ್ಲದೆಯೂ ಪತ್ರ ಮೈ ನಡುಗಿಸುತ್ತದೆ.

9ರ ಬೆಳಿಗ್ಗೆ 6ರಿಂದ ಮಧ್ಯಾಹ್ನ 3ರವರೆಗೆ ಬಳಸುದಾರಿಯ ಕೆಲಸ. ಅದು ಮುಗಿದದ್ದೇ ಎಲ್ಲಕ್ಕಿಂತ ಮುಂದಿನ ವಾಹನ ಹತ್ತಿದರು. ಅರ್ಧ ಮೈಲಿಗೆ ಮರಗಳ ತಡೆ, ಇಳಿದು ಸಿಡಿಸಿದರು. ಮತ್ತೆ 300 ಗಜಕ್ಕೆ ಇನ್ನೊಂದು. ಆಮೇಲೆ ಒಡೆದ ಮೋರಿ. ಸಂಜೆ 6.15ಕ್ಕೆ, ಬೆಳಕು ಆರುವ ಹೊತ್ತಿಗೆ, ಎದುರಿಗೆ ಐದು ದೈತ್ಯ ಪೈನ್ ಮರಗಳು, ಸುತ್ತ ನೆಲಬಾಂಬು, ಮೇಲಿಂದ ಗುಂಡು. ರಾಣೆ ಕೈ ಹಚ್ಚಿಯೇಬಿಟ್ಟಿದ್ದರು. ಟ್ಯಾಂಕು ದಳದ ನಾಯಕರೇ ಇವತ್ತಿಗೆ ಸಾಕೆಂದು ದಳವನ್ನು ತಂಗಿಸಿದರು.

ಮರುದಿನ ಬೆಳಗಿನ 4.45ಕ್ಕೆ ಮತ್ತೆ ಅದೇ ಮರಗಳ ಮುಂದೆ ಅದೇ ಮನುಷ್ಯ! 6.30ಕ್ಕೆ ಮರಗಳು ಸರಿದವು. ಮುಂದಿನ ಸಾವಿರ ಗಜವಿಡೀ ತಡೆಗಳು, ಕುಸಿದ ದಂಡೆಗಳು, 10.30ಕ್ಕೆ ಅದೂ ತೆರೆಯಿತು. ಟ್ಯಾಂಕುಗಳು ತಾವಿ ನದಿಯ ಪಾತ್ರಕ್ಕಿಳಿದು, ಮಧ್ಯಾಹ್ನ 2ಕ್ಕೆ ಚಿಂಗಸ್ ಮುಟ್ಟಿದವು. (ಜಹಾಂಗೀರನ ಕರುಳನ್ನು ಹೂತಿಟ್ಟದ್ದು ಇಲ್ಲೇ ಎಂಬ ಐತಿಹ್ಯವಿರುವ, ಮೊಗಲರ ಹಳೆಯ ತಂಗುದಾಣ ಅದು.) ಟ್ಯಾಂಕು ದಾಟಿತು, ಇನ್ನು ಸಾಕಲ್ಲವೇ? ಹಿಂದೆ ಸಾಮಾನು ಹೊತ್ತ ವಾಹನಗಳು ಬರಬೇಕಲ್ಲ! ಊಟವಿಲ್ಲ, ವಿಶ್ರಾಂತಿಯಿಲ್ಲ, ರಾತ್ರಿ 9ರವರೆಗೆ ದುಡಿತ. 11ರ ಬೆಳಿಗ್ಗೆ 6ಕ್ಕೆ ಮತ್ತೆ ಶುರು. 11ಕ್ಕೆ ಚಿಂಗಸ್‌ವರೆಗೆ ರಸ್ತೆ ಮುಕ್ತ. ಅಲ್ಲಿಗೂ ನಿಲ್ಲದೆ ಮುಂದಿನ ರಸ್ತೆಗೆ, ರಾತ್ರಿ 10ರವರೆಗೆ.

ಕೂಡಿ ನೋಡಿದೆ: ಮೊದಲ ಮಾರ್ಟರ್ ಶೆಲ್ ಬಿದ್ದಲ್ಲಿಂದ 83 ಗಂಟೆ. ಅದರಲ್ಲಿ ಒಂದು ಗಂಟೆಯೂ ಗಾಯವಿಲ್ಲದ ಮೈಯಲ್ಲಿ ಕಳೆದದ್ದಲ್ಲ! ರಸ್ತೆ ತೆರೆದ ಮೇಲೆ ರಾಜೌರಿಯೂ ಬಿಡುಗಡೆಯಾಯಿತು; ಅಲ್ಲಿಯವರು ಈಗಲೂ ಏಪ್ರಿಲ್ 13ನ್ನು ಬಿಡುಗಡೆಯ ದಿನವಾಗಿ ಆಚರಿಸುತ್ತಾರೆ.

ಆ ಯುದ್ಧಕ್ಕೆ ಸಂದ ಐದು ಪರಮವೀರ ಚಕ್ರಗಳಲ್ಲಿ ಮೂರು ಮರಣೋತ್ತರ. ಬದುಕಿದ್ದು ಪದಕ ಧರಿಸಿದವರು ಕರಮ್ ಸಿಂಗ್ ಮತ್ತು ರಾಣೆ. ಮೇಜರ್ ಆಗಿ 1968ರಲ್ಲಿ ನಿವೃತ್ತರಾದ ರಾಣೆ, 1994ರಲ್ಲಿ ಪುಣೆಯಲ್ಲಿ ತೀರಿಕೊಂಡರು. ಕಾರವಾರದ ಟಾಗೋರ್ ಕಡಲತೀರದಲ್ಲಿ, ಚಪಲ್ ಯುದ್ಧನೌಕೆಯ ವಸ್ತುಸಂಗ್ರಹಾಲಯದ ಬಳಿ ಅವರ ಪ್ರತಿಮೆಯಿದೆ. ನೌಕೆ ನೋಡಲು ಹೋದವರು ದಯವಿಟ್ಟು ಅಲ್ಲಿಗೂ ನಾಲ್ಕು ಹೆಜ್ಜೆ ನಡೆಯಿರಿ. ಜೊತೆಯಲ್ಲಿ ಮಕ್ಕಳಿದ್ದರೆ ಆ ನಾಲ್ಕು ದಿನಗಳ ಕಥೆ ಹೇಳಿ.